ನೆಲ್ಬಿಯಾ ಎಣಿಸಿದ ನಾಳಗಳು

ನೆಲ್ಬಿಯಾ ಸಿಲ್ವೇರಾಳಿಗೆ ಊರಿನ ಅರ್ಧ ಜನರ ಹೊಟ್ಟೆಯೊಳಗಿನ ಗುಟ್ಟು ಗೊತ್ತಿತ್ತು. ಆದರೆ ಅವಳ ಬಾಯಿಂದ ಒಂದು ಮಾತು ಹೊರಬಿದ್ದದ್ದನ್ನು ಯಾರೂ ಕೇಳಿರಲಿಲ್ಲ. ಉರುಗ್ವೆ ನದಿಯ ದಂಡೆಯ ನಮ್ಮ ಪುವೆರ್ತೊ ಆಮಾರೊದಲ್ಲಿ ಭಾನುವಾರ ಒಬ್ಬರ ಮನೆಯ ಮಾಂಸ ಕೆಂಡದ ಮೇಲೆ ಸೀದರೆ ಸಂಜೆಯೊಳಗೆ ಅದು ದೋಣಿಗಟ್ಟೆಯವರೆಗೂ ಸುದ್ದಿಯಾಗುತ್ತದೆ. ಅಂಥ ಊರಲ್ಲಿ ನಲವತ್ತಕ್ಕೂ ಹೆಚ್ಚು ವರ್ಷ ಬಾಯಿ ಬಿಗಿಹಿಡಿದು ಬದುಕುವುದು ಎಲ್ಲರ ಕೈಲಾಗುವ ಕೆಲಸವಲ್ಲ.

ಆಸ್ಪತ್ರೆಯ ಹಿಂಬದಿಯಲ್ಲಿ, ಬಟ್ಟೆ ಒಗೆಯುವ ಕೋಣೆಗೂ ಹೆಣ ಇಡುವ ಕೋಣೆಗೂ ನಡುವೆ ಅವಳ ಪ್ರಯೋಗಶಾಲೆ. ಆಪರೇಷನ್ನಿನಲ್ಲಿ ತೆಗೆದ ಗಡ್ಡೆ, ಗಂಟು, ಗರ್ಭಕೋಶ ಎಲ್ಲವೂ ಅಲ್ಲಿಗೆ ಬರುತ್ತಿದ್ದವು. ಅವಳು ಅದರ ಚೂರನ್ನು ಬಿಸಿ ಮೇಣದಲ್ಲಿ ಕೂರಿಸಿ, ಮೇಣ ಗಟ್ಟಿಯಾದ ಮೇಲೆ ಅಚ್ಚನ್ನು ಯಂತ್ರಕ್ಕೆ ಕಚ್ಚಿಸಿ, ಈರುಳ್ಳಿಯ ಒಳಪೊರೆಗಿಂತ ತೆಳ್ಳಗೆ ಕೊಯ್ಯುತ್ತಿದ್ದಳು. ಕೊಯ್ದ ಪೊರೆಯನ್ನು ಬೆಚ್ಚನೆಯ ನೀರಿನ ಮೇಲೆ ತೇಲಿಬಿಟ್ಟು, ಗಾಜಿನ ಮೇಲೆ ಎತ್ತಿಕೊಂಡು, ಬಣ್ಣ ಹಾಕಿ ಡಾಕ್ಟರ ಮುಂದಿಡುತ್ತಿದ್ದಳು. ಒಂದೇ ಒಂದು ಸುಕ್ಕು ಬಿದ್ದರೂ ಡಾಕ್ಟರು ಏನೂ ಅನ್ನುವ ಮೊದಲೇ ತಾನೇ ಎಸೆದು ಇನ್ನೊಂದು ಕೊಯ್ಯುವಳು. ಕೆಲಸದ ವಿಷಯದಲ್ಲಿ ಅವಳು ಮಹಾ ಹಟಮಾರಿ.

ಹತ್ತೊಂಬತ್ತನೆಯ ವಯಸ್ಸಿನಲ್ಲಿ ನೆಲ ಒರೆಸುವವಳಾಗಿ ಆಸ್ಪತ್ರೆಗೆ ಸೇರಿದವಳು ಅವಳು. ಆಗಿದ್ದ ಮುದಿ ಡಾಕ್ಟರು ಒಂದು ದಿನ ಅವಳು ಒಡೆದ ಗಾಜಿನ ಚೂರುಗಳನ್ನು ಒಂದೊಂದಾಗಿ ಬೆರಳಲ್ಲಿ ಎತ್ತುವುದನ್ನು ನೋಡಿ, ಈ ಕೈ ಕಸಬರಿಗೆ ಹಿಡಿಯುವ ಕೈಯಲ್ಲ ಎಂದು ಒಳಗೆ ಕರೆದುಕೊಂಡರು. ಮದುವೆಯ ಕಥೆ ಕೇಳಿದರೆ ನಗುತ್ತಿದ್ದಳು. ಸುಂಕದ ಕಚೇರಿಯ ಗುಮಾಸ್ತನೊಬ್ಬ ಹನ್ನೊಂದು ವರ್ಷ ಪ್ರತಿ ಭಾನುವಾರ ತಪ್ಪದೆ ಬಂದು ಅವಳ ಅಂಗಳದಲ್ಲಿ ಕೂತು ಮಾತೆ ಎಂಬ ಎಲೆಯ ಕಷಾಯ ಹೀರಿ ಹೋಗುತ್ತಿದ್ದ. ಆಮೇಲೆ ನದಿಯಾಚೆ ಅರ್ಜೆಂಟೀನಾಕ್ಕೆ ಹೊರಟುಹೋಗಿ, ಒಂದು ಹಬ್ಬದ ಕಾರ್ಡು ಬರೆದು, ಅಷ್ಟಕ್ಕೇ ಮುಗಿಸಿದ. ಪುಣ್ಯಾತ್ಮ ಹನ್ನೊಂದು ವರ್ಷದಲ್ಲಿ ಒಂದು ಸಲವೂ ಬಾಯಿಬಿಟ್ಟು ಏನೂ ಕೇಳಿರಲಿಲ್ಲ.

ಹಾಗಾಗಿ ನೆಲ್ಬಿಯಾಳಿಗೆ ತನ್ನವರು ಅಂತ ಇದ್ದದ್ದು ಆರು ವರ್ಷ ಚಿಕ್ಕವಳಾದ ತಂಗಿ ಎಲೀದಾ ಮತ್ತು ಅವಳ ಮಗಳು ಮಿರ್ನಾ. ಎಲೀದಾ ಗಂಡ ಸತ್ತ ಮೇಲೆ ಹೊಲಿಗೆಯಲ್ಲೇ ಮಗಳನ್ನು ಸಾಕಿದವಳು. ನಮ್ಮ ಕಡೆ ಶಾಲೆಯ ಮಕ್ಕಳು ಬಿಳಿ ನಿಲುವಂಗಿ ತೊಟ್ಟು, ಕುತ್ತಿಗೆಗೆ ಅಗಲವಾದ ನೀಲಿ ರಿಬ್ಬನ್ ಕಟ್ಟಿಕೊಂಡು ಹೋಗಬೇಕು. ಊರಿನ ಅರ್ಧ ಮಕ್ಕಳ ನಿಲುವಂಗಿ ಎಲೀದಾಳ ಕೈಯಿಂದಲೇ ಬರುತ್ತಿದ್ದವು. ಮಾರ್ಚಿನಲ್ಲಿ ಶಾಲೆ ತೆರೆಯುವುದರಿಂದ ಜನವರಿ, ಫೆಬ್ರವರಿ ಬಂತೆಂದರೆ ಅವಳಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ. ಅಕ್ಕ ಒಣಕಲು ಕಡ್ಡಿ, ತಂಗಿ ಗುಂಡುಗುಂಡಗೆ. ಚಿಕ್ಕಂದಿನಿಂದಲೂ ಒಬ್ಬರನ್ನೊಬ್ಬರು ಕರೆಯುತ್ತಿದ್ದದ್ದೇ ಫ್ಲಾಕಾ, ಗೋರ್ದಾ ಎಂದು. ಕಡ್ಡಿ, ಡುಮ್ಮಿ ಅಂದ ಹಾಗೆ. ಹೊರಗಿನವರಿಗೆ ಅದು ಬೈಗುಳ, ಅವರಿಬ್ಬರಿಗೆ ಅದೇ ಹೆಸರು.

ಈಗಿನ ಡಾಕ್ಟರು ಪೀರಿಸ್. ಒಳ್ಳೆಯ ಮನುಷ್ಯ, ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಮೇಜಿನ ಮೇಲೆಲ್ಲ ಹುಡುಕುವ ಜಾತಿ. ಅವರ ತಲೆಯಲ್ಲಿ ಒಂದು ಪ್ರಶ್ನೆ ಹುಳದ ಹಾಗೆ ಕೊರೆಯುತ್ತಿತ್ತು. ಗರ್ಭಕೋಶದ ಒಳಪದರದ ಕ್ಯಾನ್ಸರ್ ಇಬ್ಬರು ಹೆಂಗಸರಿಗೆ ಬರುತ್ತದೆ. ಗಡ್ಡೆ ಒಂದೇ ಗಾತ್ರದ್ದು, ನೋಡಲೂ ಒಂದೇ ಥರ, ಇಬ್ಬರಿಗೂ ಒಂದೇ ಆಪರೇಷನ್. ಒಬ್ಬಳು ಇಪ್ಪತ್ತು ವರ್ಷ ಮೊಮ್ಮಕ್ಕಳನ್ನು ಆಡಿಸುತ್ತಾಳೆ, ಇನ್ನೊಬ್ಬಳು ಎರಡು ವರ್ಷದಲ್ಲಿ ಮಣ್ಣಾಗುತ್ತಾಳೆ. ಯಾಕೆ? ಉತ್ತರ ರಕ್ತನಾಳಗಳಲ್ಲಿದೆ ಎಂದು ಅವರು ನಂಬಿದ್ದರು.

"ಗಡ್ಡೆಯೂ ಉಣ್ಣಬೇಕಲ್ಲ, ನೆಲ್ಬಿಯಾ ಅವರೇ," ಅನ್ನುತ್ತಿದ್ದರು. "ಉಣ್ಣೋಕೆ ರಕ್ತ ಬೇಕು, ರಕ್ತ ತರಿಸ್ಕೊಳ್ಳೋಕೆ ಹೊಸ ನಾಳ ಬೆಳೆಸ್ಕೊಳ್ಳತ್ತೆ. ಊಟ ಬಂದ ದಾರೀಲೇ ಒಂದಿನ ಊರು ಬಿಟ್ಟು ಹೊರಡತ್ತೆ. ಎಷ್ಟು ದಾರಿ ಮಾಡ್ಕೊಂಡಿದೆ ಅಂತ ಎಣಿಸಿದ್ರೆ, ಯಾರಿಗೆ ಅಪಾಯ ಅಂತ ಮೊದಲೇ ಗೊತ್ತಾಗ್ಬೇಕು."

ಹೀಗೆ ಹದಿನೈದು ವರ್ಷದ ಹಳೆಯ ಮೇಣದ ಅಚ್ಚುಗಳು ಕಪಾಟಿನಿಂದ ಹೊರಬಂದವು. ನಾಳದ ಗೋಡೆಯನ್ನು ಮಾತ್ರ ಕಂದು ಬಣ್ಣಕ್ಕೆ ತಿರುಗಿಸುವ ಒಂದು ವಿಶೇಷ ಬಣ್ಣ ತರಿಸಿದರು. ನೆಲ್ಬಿಯಾ ಕೊಯ್ದಳು, ಬಣ್ಣ ಹಾಕಿದಳು, ಆಮೇಲೆ ಎಣಿಸುವುದನ್ನೂ ಕಲಿತಳು. ಆ ಹೆಂಗಸರಲ್ಲಿ ಯಾರು ಬದುಕಿದ್ದಾರೆ, ಯಾರು ಇಲ್ಲ ಎಂದು ತಿಳಿಯಲು ಕಡತ ಬೇಕಿರಲಿಲ್ಲ. ಬ್ರೆಡ್ಡಿನ ಅಂಗಡಿಯ ಸಾಲು, ಇಲ್ಲವೇ ಸಮಾಧಿಯ ಸಾಲು, ಎರಡರಲ್ಲಿ ಒಂದು ಕಡೆ ಅವಳಿಗೆ ಅವರು ಸಿಗುತ್ತಿದ್ದರು.

ಎಣಿಕೆಗೆ ನಿಯಮವಿತ್ತು. ಮೊದಲು ಸೂಕ್ಷ್ಮದರ್ಶಕದ ದೂರದ ಮಸೂರದಲ್ಲಿ ಪೂರ್ತಿ ಚೂರನ್ನು ನೋಡಬೇಕು, ನಾಳಗಳು ಎಲ್ಲಿ ಅತಿ ದಟ್ಟವಾಗಿವೆಯೋ ಆ ಜಾಗ ಹುಡುಕಬೇಕು, ಹತ್ತಿರದ ಮಸೂರ ಹಾಕಿ ಅಲ್ಲಿ ಮಾತ್ರ ಎಣಿಸಬೇಕು. ಒಳ್ಳೆಯ ಜಾಗ ಬೇಡ, ಕೆಟ್ಟ ಜಾಗ ನೋಡಿ ಎಂದು ಡಾಕ್ಟರು ಪದೇ ಪದೇ ಹೇಳುತ್ತಿದ್ದರು. ಎರಡನೆಯದು, ಚೂರಿನ ಅಂಚನ್ನು ಬಿಡಬೇಕು. ಅಂಚಿನಲ್ಲಿ ಬಣ್ಣ ನಿಂತು ಇಲ್ಲದ ಕಂದು ಕಾಣುತ್ತದೆ. ಅಂಚಿನಲ್ಲಿ ಅನುಮಾನ ಬಂದರೆ ಅದೇ ಅಚ್ಚಿನಿಂದ ಇನ್ನೊಂದು ಪೊರೆ ಆಳಕ್ಕೆ ಕೊಯ್ದು, ಮತ್ತೆ ಬಣ್ಣ ಹಾಕಿ ನೋಡಬೇಕು. ಮೂರನೆಯದು, ಇಬ್ಬರು ಬೇರೆ ಬೇರೆಯಾಗಿ ಎಣಿಸಬೇಕು.

ಈ ಮೂರನೆಯ ನಿಯಮದಲ್ಲೇ ಅವರು ದಾರಿ ತಪ್ಪಿದ್ದು. ದಟ್ಟ ಜಾಗ ಹುಡುಕಲು ಹೊತ್ತು ಹಿಡಿಯುತ್ತದೆ. ಡಾಕ್ಟರ ಕಣ್ಣು ಬೇಗ ದಣಿಯುತ್ತಿತ್ತು, ನೆಲ್ಬಿಯಾಳ ಕಣ್ಣು ಗಿಡುಗನದು. ಹಾಗಾಗಿ ಅವಳು ಎಣಿಸಿದ ಜಾಗದ ಮೇಲೆ ಗಾಜಿಗೆ ಮಸಿಯಲ್ಲಿ ಒಂದು ಚುಕ್ಕೆ ಇಡುವುದು, ಡಾಕ್ಟರು ಆ ಚುಕ್ಕೆಯ ಕೆಳಗೇ ಎಣಿಸುವುದು ರೂಢಿಯಾಗಿಬಿಟ್ಟಿತು. ಇಬ್ಬರ ಲೆಕ್ಕ ಯಾವಾಗಲೂ ಎರಡು ಮೂರರೊಳಗೆ ತಾಳೆಯಾಗುತ್ತಿತ್ತು, ಡಾಕ್ಟರಿಗೆ ಬಲು ಹೆಮ್ಮೆ. ತಾಳೆಯಾಗದೆ ಇನ್ನೇನು, ಇಬ್ಬರೂ ನೋಡಿದ್ದು ಒಂದೇ ಜಾಗವನ್ನು. ಇಬ್ಬರು ಬುದ್ಧಿವಂತರು ಸೇರಿ ಇಂಥ ದಡ್ಡತನ ಮಾಡುತ್ತಾರೆ, ಪಕ್ಕದಲ್ಲಿ ನಿಂತು ಹೇಳುವವರು ಯಾರೂ ಇರುವುದಿಲ್ಲ.

ನೂರಾ ಹನ್ನೊಂದು ಹೆಂಗಸರ ಎಣಿಕೆ ಮುಗಿಯುವ ಹೊತ್ತಿಗೆ ಒಂದು ಗೆರೆ ತಾನಾಗಿ ಮೂಡಿತ್ತು. ಅರವತ್ತಕ್ಕಿಂತ ಕಡಿಮೆ ನಾಳ ಇದ್ದವರಲ್ಲಿ ಹೆಚ್ಚಿನವರು ಬ್ರೆಡ್ಡಿನ ಸಾಲಿನಲ್ಲಿದ್ದರು. ಹೆಚ್ಚಿದ್ದವರು ಇನ್ನೊಂದು ಸಾಲಿನಲ್ಲಿ.

ಅದೇ ವರ್ಷ, ತೊಂಬತ್ತನಾಲ್ಕರ ಅಕ್ಟೋಬರಿನಲ್ಲಿ, ತಂಗಿಯ ಮನೆಯ ಬಟ್ಟೆ ನೆನೆಹಾಕಿದ ಬಕೆಟ್ಟಿನಲ್ಲಿ ನೆಲ್ಬಿಯಾ ಕೆಂಪು ನೀರು ಕಂಡಳು. ಎಲೀದಾಳಿಗೆ ಆಗ ನಲವತ್ತೆಂಟೋ ಐವತ್ತೋ ಅಲ್ಲ, ಐವತ್ತಾರು. ಮುಟ್ಟು ನಿಂತು ಐದು ವರ್ಷವಾಗಿತ್ತು. ಏನೇ ಇದು ಎಂದು ಕೇಳಿದರೆ ಎಲೀದಾ ನಕ್ಕಳು.

"ನಂಗೆ ಮತ್ತೆ ಹರೆಯ ಬಂತು ಕಣೇ, ಫ್ಲಾಕಾ. ನಿಂಗೆ ಹೊಟ್ಟೆಕಿಚ್ಚಾ?"

ಎಂಟು ತಿಂಗಳಿಂದ ಹಾಗಿತ್ತಂತೆ. ಹೊಲಿದು ಉಳಿದ ಬಿಳಿ ಬಟ್ಟೆಯ ತುಂಡುಗಳನ್ನೇ ಮಡಿಸಿ ಇಟ್ಟುಕೊಳ್ಳುತ್ತಿದ್ದಳಂತೆ. ಆಸ್ಪತ್ರೆಯಲ್ಲಿ ಅಕ್ಕನನ್ನು ಇಟ್ಟುಕೊಂಡು ಎಂಟು ತಿಂಗಳು ಮುಚ್ಚಿಟ್ಟಳಲ್ಲ ಎಂದು ನೆಲ್ಬಿಯಾಳಿಗೆ ಕೋಪ ನೆತ್ತಿಗೇರಿತು, ಮರುದಿನವೇ ಕೈಹಿಡಿದು ಎಳೆದುಕೊಂಡು ಹೋದಳು. ನವೆಂಬರಿನಲ್ಲಿ ಆಪರೇಷನ್ ಆಯಿತು. ತೆಗೆದ ಗರ್ಭಕೋಶ ಪ್ರಯೋಗಶಾಲೆಗೆ ಬಂದಾಗ ಡಾಕ್ಟರು ಅವಳಿಗೆ ಮನೆಗೆ ಹೋಗಿ ಎಂದರು. ಅವಳು ಹೋಗಲಿಲ್ಲ. ತಾನೇ ಚೂರು ಮಾಡಿ ಮೇಣದಲ್ಲಿ ಕೂರಿಸಿದಳು, ಇನ್ನೊಬ್ಬರ ಕೈಗೆ ಕೊಡಲು ಮನಸ್ಸು ಒಪ್ಪಲಿಲ್ಲ.

ವರದಿ ಬಂದದ್ದು ಅತ್ತಲೂ ಅಲ್ಲದೆ ಇತ್ತಲೂ ಅಲ್ಲದೆ. ಗಡ್ಡೆ ಗೋಡೆಯೊಳಕ್ಕೆ ಇಳಿದಿತ್ತು, ಆದರೆ ತೀರ ಆಳಕ್ಕಲ್ಲ. ಆಪರೇಷನ್ ಮಾಡಿದ ಡಾಕ್ಟರಮ್ಮ, ವಿಕಿರಣ ಚಿಕಿತ್ಸೆಗೆ ಹೋದರೂ ಸರಿ, ಹೋಗದಿದ್ದರೂ ಸರಿ, ನೀವೇ ಯೋಚಿಸಿ ಅಂದರು. ವಿಕಿರಣಕ್ಕೆ ಮೊಂತೆವಿದೇಯೊಗೇ ಹೋಗಬೇಕು. ಬಸ್ಸಿನಲ್ಲಿ ಏಳು ಗಂಟೆ, ಅಲ್ಲಿ ಐದು ವಾರ.

ಈ ಅಕ್ಕತಂಗಿಯರಿಗೆ ಮೊಂತೆವಿದೇಯೊ ಎಂದರೆ ಬೇರೆಯವರಿಗೆ ಇರುವಂಥ ರಾಜಧಾನಿಯಲ್ಲ. ಅವರ ಅಮ್ಮನನ್ನು ಚಿಕಿತ್ಸೆಗೆಂದು ಅಲ್ಲಿಗೆ ಕಳಿಸಿದ್ದರು. ಮೂರು ವಾರದಲ್ಲಿ ಬರುತ್ತೇನೆ ಎಂದು ಹೋದವಳು ಬರಲಿಲ್ಲ. ತಂತಿ ಬಂದು ಇಬ್ಬರೂ ರೈಲು ಹತ್ತಿ ಮುಟ್ಟುವಷ್ಟರಲ್ಲಿ ಹಾಸಿಗೆಯಲ್ಲಿ ಬೇರೆ ಯಾರೋ ಮಲಗಿದ್ದರು, ಅಮ್ಮನ ಚಪ್ಪಲಿ ಮಾತ್ರ ಮಂಚದ ಕೆಳಗೇ ಇತ್ತು. ಎಲೀದಾ ಹೊರಗೆ ಎಷ್ಟೇ ತಮಾಷೆ ಮಾಡಲಿ, ಆ ಊರಿನ ಹೆಸರು ಎತ್ತಿದರೆ ಅವಳ ತುಟಿ ಬಿಳಿಚಿಕೊಳ್ಳುತ್ತಿತ್ತು.

ಅವಳು ನೇರವಾಗಿ ಡಾಕ್ಟರ್ ಪೀರಿಸರನ್ನೇ ಕೇಳಿದಳು, ನಿಮ್ಮ ತಂಗಿಯಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು. ಅವರು, ನಮ್ಮ ಎಣಿಕೆ ಇನ್ನೂ ಎಲ್ಲೂ ಸಾಬೀತಾಗಿಲ್ಲ, ಅದನ್ನು ನೆಚ್ಚಿಕೊಂಡು ಚಿಕಿತ್ಸೆ ಮಾಡುವ ಕಾಲ ಬಂದಿಲ್ಲ, ಆದರೆ ನನ್ನ ತಂಗಿಯಾದರೆ ನಾನು ಎಣಿಸಿ ನೋಡುತ್ತಿದ್ದೆ, ಅರವತ್ತು ದಾಟಿದರೆ ಬಸ್ಸು ಹತ್ತಿಸುತ್ತಿದ್ದೆ ಅಂದರು. ಎಲೀದಾಳಿಗೆ ಅಷ್ಟೇ ಬೇಕಿತ್ತು. ಅರವತ್ತು ದಾಟಿದರೆ ಹೋಗುತ್ತೇನೆ, ಇಲ್ಲದಿದ್ದರೆ ಇಲ್ಲೇ ನಿಲುವಂಗಿ ಹೊಲಿಯುತ್ತೇನೆ ಎಂದು ತೀರ್ಮಾನ ಮಾಡಿಬಿಟ್ಟಳು.

ತಂಗಿಯದನ್ನು ನೀವು ಎಣಿಸಕೂಡದು ಎಂದು ಡಾಕ್ಟರು ನೆಲ್ಬಿಯಾಳಿಗೆ ಖಂಡಿತವಾಗಿ ಹೇಳಿದರು. ಆದರೆ ಎಣಿಸುವವರು ಬೇರೆ ಯಾರಿದ್ದಾರೆ? ಜನವರಿ ನಮ್ಮಲ್ಲಿ ಬೇಸಿಗೆ ರಜೆ, ದೇಶದ ಅರ್ಧ ಭಾಗ ಸಮುದ್ರ ದಂಡೆಯಲ್ಲಿ ಮಲಗಿರುತ್ತದೆ. ಕೊನೆಗೆ ಅವರು ತಾವೇ ಆ ಅಚ್ಚು ಕೊಯ್ದು, ಬಣ್ಣ ಹಾಕಿ, ಬೇರೆ ಒಂಬತ್ತು ಗಾಜುಗಳ ಜೊತೆ ಬೆರೆಸಿ, ಹೆಸರಿನ ಮೇಲೆ ಬರೀ ಸಂಖ್ಯೆಯ ಚೀಟಿ ಅಂಟಿಸಿ, ತಟ್ಟೆಯಲ್ಲಿಟ್ಟರು. ಯಾವುದು ಯಾರದೆಂದು ಅವಳಿಗೆ ಗೊತ್ತಾಗಲಾರದು ಎಂದು ನಂಬಿದರು. ಓದಿದವರ ನಂಬಿಕೆ ಅದು.

ಮೂರನೆಯ ಗಾಜನ್ನು ಮಸೂರದ ಕೆಳಗಿಟ್ಟ ಕ್ಷಣವೇ ನೆಲ್ಬಿಯಾಳಿಗೆ ಗೊತ್ತಾಯಿತು. ತಾನೇ ಚಿಮಟಿಗೆಯಲ್ಲಿ ಹಿಡಿದು ಮೇಣದಲ್ಲಿ ಕೂರಿಸಿದ ಚೂರು. ಅವರೆಬೀಜದ ಆಕಾರ, ಒಂದು ಬದಿಯಲ್ಲಿ ಯಾರೋ ಕಚ್ಚಿ ತೆಗೆದಂಥ ತಗ್ಗು. ತಾಯಿಗೆ ಮಗುವಿನ ಬೆನ್ನು ನೋಡಿದರೂ ಸಾಕಲ್ಲ, ಹಾಗೆ. ಆಗಲೇ ಎದ್ದು, ಡಾಕ್ಟ್ರೇ, ಇದು ನನಗೆ ಗೊತ್ತಾಯ್ತು, ನೀವೇ ನೋಡಿ ಎಂದು ಹೇಳಬೇಕಿತ್ತು. ಅವಳು ಏಳಲಿಲ್ಲ.

ತಗ್ಗಿನ ಹತ್ತಿರ ಕಂದು ದಟ್ಟವಾಗಿತ್ತು, ಕಣ್ಣಿಗೆ ಹೊಡೆಯುವಷ್ಟು. ಅವಳು ಗಾಜನ್ನು ಪಕ್ಕಕ್ಕೆ ಸರಿಸಿದಳು. ಅಂಚು ಅದು, ಅಂಚಿನಲ್ಲಿ ಬಣ್ಣ ನಿಲ್ಲುತ್ತದೆ, ಅಂಚನ್ನು ಬಿಡಬೇಕು, ನಿಯಮ ಇದೆ ಎಂದು ತನಗೆ ತಾನೇ ಹೇಳಿಕೊಂಡಳು. ನಿಯಮ ಇದ್ದದ್ದು ನಿಜ. ಅನುಮಾನ ಬಂದರೆ ಆಳಕ್ಕೆ ಇನ್ನೊಂದು ಕೊಯ್ಯಬೇಕೆಂಬ ನಿಯಮವೂ ಇತ್ತು. ಅಚ್ಚಿನ ಕಪಾಟು ಅವಳ ಕುರ್ಚಿಯಿಂದ ನಾಲ್ಕು ಹೆಜ್ಜೆ. ಒಂದು ಸುಕ್ಕಿಗಾಗಿ ಇಡೀ ಬೆಳಗಿನ ಕೆಲಸ ಎಸೆಯುವ ಆ ಹೆಂಗಸು ಅವತ್ತು ಆ ನಾಲ್ಕು ಹೆಜ್ಜೆ ಇಡಲಿಲ್ಲ. ನಡುಭಾಗದ ಒಂದು ತಣ್ಣನೆಯ ಜಾಗ ಹುಡುಕಿ ಎಣಿಸಿದಳು. ಮೂವತ್ತೆಂಟು. ಗಾಜಿನ ಮೇಲೆ ಚುಕ್ಕೆ ಇಟ್ಟಳು. ಮಧ್ಯಾಹ್ನ ಡಾಕ್ಟರು ಬಂದು ಚುಕ್ಕೆಯ ಕೆಳಗೆ ಎಣಿಸಿದರು. ಮೂವತ್ತಾರು. ಚೀಟಿ ಬಿಚ್ಚಿ ಹೆಸರು ನೋಡಿ, ಅವರು ಅವಳನ್ನು ತಬ್ಬಿಕೊಂಡೇ ಬಿಟ್ಟರು.

ನೆಲ್ಬಿಯಾ ಸುಳ್ಳುಗಾತಿಯಲ್ಲ. ಆ ಹೊತ್ತಿಗೆ ಅವಳು ಅದನ್ನು ಸುಳ್ಳೆಂದು ತಿಳಿದಿರಲಿಲ್ಲ ಎಂದರೆ ನಂಬಬೇಕು. ತನ್ನ ಕಣ್ಣನ್ನೇ ತಾನು ನಂಬಿಸಿದ್ದಳು. ತಂಗಿ ಆ ಊರಿಗೆ ಹೋಗಬಾರದು, ಅವಳ ಚಪ್ಪಲಿ ಯಾವುದೋ ಮಂಚದ ಕೆಳಗೆ ಉಳಿಯಬಾರದು. ಅವಳ ತಲೆಯಲ್ಲಿ ಇದ್ದದ್ದು ಅದೊಂದೇ. ನನಗಂತೂ ಅವಳ ಮೇಲೆ ಸಿಟ್ಟಿದೆ. ಆದರೂ ಆ ಕುರ್ಚಿಯಲ್ಲಿ ನಾನು ಕೂತಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಿದರೆ ಬಾಯಿ ಕಟ್ಟುತ್ತದೆ.

ಸುದ್ದಿ ಕೇಳಿ ಎಲೀದಾ ಹೊಲಿಗೆ ಮಿಷಿನ್ನಿನ ಮೇಲೆ ತಲೆಯಿಟ್ಟು ಅತ್ತಳು, ಆಮೇಲೆ ಎದ್ದು ಹಿಟ್ಟು ಕಲಸಿ ಕರಿದ ರೊಟ್ಟಿ ಮಾಡಿ ಅಕ್ಕಪಕ್ಕದವರಿಗೆಲ್ಲ ಹಂಚಿದಳು. ಆ ಬೇಸಿಗೆ ಅವಳು ನೂರಾ ನಲವತ್ತು ನಿಲುವಂಗಿ ಹೊಲಿದಳು. ಮಗಳು ಮಿರ್ನಾ ಮಾತ್ರ, ಶಾಲೆಯ ಮೇಷ್ಟ್ರು ಕೆಲಸ ಮಾಡುವವಳು, ಎಲ್ಲದಕ್ಕೂ ಕಾರಣ ಕೇಳುವವಳು, ಸಾಬೀತಾಗದ ಎಣಿಕೆ ನಂಬಿಕೊಂಡು ಕೂರುವುದು ಬೇಡ, ಐದು ವಾರ ತಾನೇ, ಹೋಗಿ ಬಾ ಎಂದು ಜಗಳವಾಡಿದಳು. ಎಲೀದಾ ಕೇಳಲಿಲ್ಲ. ಶಾಲೆ ತೆರೆಯೋ ಹೊತ್ತಿಗೆ ಮಕ್ಕಳು ಬರೀ ಮೈಯಲ್ಲಿ ಹೋಗಬೇಕಾ ಎಂದು ಮಗಳ ಬಾಯಿ ಮುಚ್ಚಿಸಿದಳು.

ಒಂದು ವರ್ಷ ನಾಲ್ಕು ತಿಂಗಳು ಚೆನ್ನಾಗಿಯೇ ಇತ್ತು. ತೊಂಬತ್ತಾರರ ಮೇ ತಿಂಗಳಲ್ಲಿ ಒಂದು ಒಣಕೆಮ್ಮು ಹಿಡಿಯಿತು, ಹೋಗಲೇ ಇಲ್ಲ. ಎಕ್ಸ್‌ರೇ ತೆಗೆಸಿದರೆ ಎರಡೂ ಶ್ವಾಸಕೋಶದಲ್ಲಿ ಬಿಳಿ ಗುಂಡುಗಳು. ಇನ್ನು ವಿಕಿರಣದಿಂದ ಆಗುವುದೇನೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಯಾರೂ ಬರುವ ಮುಂಚೆ ನೆಲ್ಬಿಯಾ ಕಪಾಟಿನಿಂದ ಆ ಅಚ್ಚನ್ನು ತೆಗೆದಳು. ಆಳಕ್ಕೆ ಕೊಯ್ದು ಬಣ್ಣ ಹಾಕಿ ನೋಡಿದಳು. ಆಳದಲ್ಲಿ ಆ ತಗ್ಗು ಇರಲಿಲ್ಲ, ಅಂಚೂ ಇರಲಿಲ್ಲ. ಕಂದು ಬಣ್ಣದ ಆ ಪೊದೆ ಚೂರಿನ ನಟ್ಟನಡುವೆ, ಮರೆಮಾಚದೆ ಕೂತಿತ್ತು. ಎಣಿಸಿದಳು. ಮೊದಲಿಂದ ಮತ್ತೆ ಎಣಿಸಿದಳು. ಎರಡು ಸಲವೂ ತೊಂಬತ್ತನಾಲ್ಕು.

ಡಾಕ್ಟರು ಬಂದ ಕೂಡಲೇ ಎಲ್ಲವನ್ನೂ ಹೇಳಿದಳು. ಚೂರು ಗುರುತು ಸಿಕ್ಕಿದ್ದು, ಏಳದೆ ಕೂತದ್ದು, ಕೊಯ್ಯದೆ ಬಿಟ್ಟದ್ದು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಚುಕ್ಕೆ ಇಟ್ಟದ್ದು ನೀವು, ಅದನ್ನು ನಂಬಿದ್ದು ನಾನು, ನನ್ನ ಕಣ್ಣಿನಿಂದ ನಾನು ಹುಡುಕಿದ್ದರೆ ಸಿಗುತ್ತಿತ್ತು ಅಂದರು. ವಿಕಿರಣಕ್ಕೆ ಹೋಗಿದ್ದರೂ ಉಳಿಯುತ್ತಿದ್ದಳೆಂದು ಯಾರೂ ಎದೆ ತಟ್ಟಿ ಹೇಳಲಾರರು ಎಂದೂ ಸೇರಿಸಿದರು. ಅದು ನಿಜವೇ. ಆದರೆ ನಿಜವಾದ ಮಾತೆಲ್ಲ ಮನಸ್ಸಿಗೆ ತಾಗುವುದಿಲ್ಲ.

"ತಂಗಿಗೆ ಹೇಳಬೇಡಿ," ಅಂದರು ಕೊನೆಗೆ. "ಹೇಳಿದ್ರೆ ನಿಮ್ಮ ಎದೆ ಹಗುರಾಗತ್ತೆ. ಅವರದ್ದು ಭಾರ ಆಗತ್ತೆ. ಸಾಯೋವ್ರ ತಲೆ ಮೇಲೆ ಹೊರೆ ಹೊರಿಸ್ಬಾರ್ದು."

ನೆಲ್ಬಿಯಾ ಆ ಮಾತನ್ನು ಮೂರು ತಿಂಗಳು ಪಾಲಿಸಿದಳು. ದಿನಾ ಕೆಲಸ ಮುಗಿಸಿ ಬಂದು ತಂಗಿಯ ಮೈ ಒರೆಸುವಳು, ಗಂಜಿ ಕುಡಿಸುವಳು, ಕೆಮ್ಮು ಬಂದಾಗ ಬೆನ್ನಿಗೆ ಕೈ ಕೊಟ್ಟು ಕೂರುವಳು. ಹೇಳದೆಯೇ ಕಳೆದುಬಿಡಬಹುದಿತ್ತು. ಆದರೆ ಎಲೀದಾಳ ತಲೆ ಹೊರೆ ಇಲ್ಲದೆ ಇರಲಿಲ್ಲ, ಡಾಕ್ಟರಿಗೆ ಗೊತ್ತಿಲ್ಲದ ಸಂಗತಿ ಅದು. ಮಗಳು ದಿನವೂ ಹೊರಿಸುತ್ತಿದ್ದಳು. ಮಿರ್ನಾ ಕೆಟ್ಟವಳಲ್ಲ, ತಾಯಿ ಹೋಗುತ್ತಾಳೆಂಬ ಸಂಕಟ ಅವಳಲ್ಲಿ ಸಿಟ್ಟಾಗಿ ಹೊರಬರುತ್ತಿತ್ತು. ಬೇಡಿಕೊಂಡೆ, ಕಾಲಿಗೆ ಬಿದ್ದೆ, ಐದು ವಾರ ಹೋಗಿ ಬಾ ಅಂದೆ, ನಿನಗೆ ನನಗಿಂತ ಊರವರ ಮಕ್ಕಳ ನಿಲುವಂಗಿಯೇ ಹೆಚ್ಚಾಯಿತು ಎಂದು ಔಷಧಿ ಕೊಡುವಾಗಲೂ ಚುಚ್ಚುವಳು. ಎಲೀದಾ ಉತ್ತರ ಕೊಡುವುದನ್ನು ಬಿಟ್ಟಿದ್ದಳು. ಮಿಷಿನ್ನನ್ನು ಕಣ್ಣಿಗೆ ಕಾಣದ ಹಾಗೆ ಹಿಂದಿನ ಕೋಣೆಗೆ ಹಾಕಿಸಿದ್ದಳು.

ಆಗಸ್ಟಿನ ಒಂದು ಭಾನುವಾರ ಮಧ್ಯಾಹ್ನ ಎಲೀದಾ ಮಗಳ ಕೈ ಹಿಡಿದುಕೊಂಡು, ತಪ್ಪಾಯ್ತು ಮಗಳೇ, ಹಟ ಮಾಡಿ ನಿನ್ನ ತಬ್ಬಲಿ ಮಾಡ್ತಾ ಇದೀನಿ, ಕ್ಷಮಿಸಿಬಿಡು ಅಂದಳು. ಮಿರ್ನಾ ಮುಖ ತಿರುಗಿಸಿಕೊಂಡಳು. ಬಾಗಿಲಲ್ಲಿ ನೀರಿನ ಲೋಟ ಹಿಡಿದು ನಿಂತಿದ್ದ ನೆಲ್ಬಿಯಾಳಿಗೆ ಅದು ಕೇಳಿಸಿತು. ತನ್ನ ತಪ್ಪಿಗೆ ತಂಗಿ ಕ್ಷಮೆ ಕೇಳುತ್ತಿದ್ದಾಳೆ. ಲೋಟವನ್ನು ಕೆಳಗಿಟ್ಟು ಅಲ್ಲೇ ನಿಂತಲ್ಲೇ ಹೇಳಿದಳು.

"ಅವಳ ತಪ್ಪಲ್ಲ, ಮಿರ್ನಾ. ನಾನು ಸರಿಯಾಗಿ ಎಣಿಸ್ಲಿಲ್ಲ. ಅದು ನಿಂದು ಅಂತ ನಂಗೆ ಗೊತ್ತಾಗಿತ್ತು, ಗೋರ್ದಾ. ಕೆಟ್ಟ ಜಾಗ ಕಣ್ಣಿಗೆ ಬಿತ್ತು, ನಾನು ಬೇರೆ ಕಡೆ ನೋಡ್ದೆ. ಸರಿಯಾಗಿ ಎಣಿಸಿದ್ರೆ ನೀನು ಹೋಗ್ತಿದ್ದೆ."

ಮಿರ್ನಾ ಎದ್ದು ನಿಂತಳು. ಎಲೀದಾ ಅಕ್ಕನನ್ನು ನೋಡಿದಳು. ಕೆಮ್ಮು ಬಂತು, ಮಗಳು ಬೆನ್ನು ಹಿಡಿದಳು, ಕೆಮ್ಮು ನಿಂತಿತು.

"ಮೂರು ತಿಂಗಳು ನಂಗೆ ಗಂಜಿ ಕುಡಿಸ್ದೆ," ಅಂದಳು ಎಲೀದಾ. "ಇವಳು ನನ್ನ ಬೈಯೋದನ್ನ ಕೇಳ್ತಾ ಕುಡಿಸ್ದೆ. ಹೋಗು, ನೆಲ್ಬಿಯಾ. ನಿನ್ನ ಕೈ ನನ್ನ ಮೈ ಮೇಲೆ ಬೇಡ."

ಹುಟ್ಟಿದಾರಭ್ಯ ತಂಗಿಯ ಬಾಯಲ್ಲಿ ಅವಳು ತನ್ನ ನಿಜವಾದ ಹೆಸರು ಕೇಳಿರಲಿಲ್ಲ. ಕೋಟು ತೆಗೆದುಕೊಂಡು ಹೊರಗೆ ಬಂದಳು.

ಹನ್ನೆರಡು ದಿನ ಅವಳು ಆ ಬಾಗಿಲು ತಟ್ಟಲಿಲ್ಲ. ಎರಡು ಮನೆ ಆಚೆ ತನ್ನ ಅಂಗಳದಲ್ಲಿ ಕೂತು ಕೆಮ್ಮು ಕೇಳಿಸಿಕೊಳ್ಳುತ್ತಿದ್ದಳು. ಅಡುಗೆ ಮಾಡಿ ಪಕ್ಕದ ಮನೆಯವರ ಕೈಯಲ್ಲಿ ಕಳಿಸಿದರೆ ಪಾತ್ರೆ ಹಾಗೇ ವಾಪಸ್ಸು ಬರುತ್ತಿತ್ತು. ಒಂದೇ ಒಂದು ವ್ಯತ್ಯಾಸ ಅವಳ ಕಿವಿಗೆ ಬಿದ್ದಿತ್ತು. ಮಿರ್ನಾಳ ದನಿ ಈಗ ಏರುತ್ತಿರಲಿಲ್ಲ. ಆ ಮನೆಯಲ್ಲಿ ತಾಯಿ ಮಗಳು ಮೆಲ್ಲಗೆ ಮಾತಾಡುತ್ತಿದ್ದರು, ಒಂದು ಸಂಜೆ ನಕ್ಕದ್ದೂ ಕೇಳಿಸಿತು. ನೆಲ್ಬಿಯಾ ತನ್ನ ಅಂಗಳದಲ್ಲಿ ಒಬ್ಬಳೇ ಕೂತು ಬಿಕ್ಕಿ ಬಿಕ್ಕಿ ಅತ್ತಳು, ಅದು ದುಃಖದ ಅಳುವೊಂದೇ ಆಗಿರಲಿಲ್ಲ.

ಹದಿಮೂರನೆಯ ದಿನ ಮಿರ್ನಾ ಬಂದು ಗೇಟಿನ ಹೊರಗೇ ನಿಂತು, ದೊಡ್ಡಮ್ಮಾ, ಅಮ್ಮನ ತಲೆ ತೊಳೀಬೇಕಂತೆ, ನಾನು ತೊಳೆದರೆ ಕೂದಲು ಎಳೆಯತ್ತಂತೆ, ನಿನ್ನ ಕರೀತಾಳೆ ಅಂದಳು. ಮುಖ ನೋಡದೆಯೇ ಹೇಳಿದಳು.

ಎಲೀದಾ ಅಷ್ಟು ದಿನದಲ್ಲಿ ಇನ್ನೂ ಇಳಿದುಹೋಗಿದ್ದಳು. ಇಬ್ಬರಲ್ಲಿ ಈಗ ಕಡ್ಡಿ ಯಾರೆಂದು ಹೇಳುವ ಹಾಗಿರಲಿಲ್ಲ. ನೆಲ್ಬಿಯಾ ಹಾಸಿಗೆಯ ತಲೆಭಾಗಕ್ಕೆ ಎಣ್ಣೆಬಟ್ಟೆ ಹಾಸಿ, ಬೋಗುಣಿ ಇಟ್ಟು, ಬೆಚ್ಚಗಿನ ನೀರು ಹದ ನೋಡಿ, ತಂಗಿಯ ತಲೆಯನ್ನು ಅಂಗೈಯಲ್ಲಿ ತೆಗೆದುಕೊಂಡಳು. ಕೂದಲಿಗೆ ಸೋಪು ಹಚ್ಚುವಾಗ ಎಲೀದಾಳೇ ಕಣ್ಣು ಮುಚ್ಚಿಕೊಂಡು ಕೇಳಿದಳು.

"ಎಷ್ಟಿತ್ತು?"

"ತೊಂಬತ್ತನಾಲ್ಕು."

"ಅಷ್ಟೊಂದಾ," ಅಂದಳು ಎಲೀದಾ. "ಈ ಕೆಮ್ಮು ಬಂದಾಗಿಂದ ನನ್ನೇ ನಾನು ಬೈಕೊಂಡು ಬೈಕೊಂಡು ಸುಸ್ತಾಗೋಯ್ತು. ಈಗ ನಿನ್ನ ಬೈಯೋಣ ಅಂದ್ರೆ ಉಸಿರೇ ಉಳಿದಿಲ್ಲ. ಮೊದಲೇ ಹೇಳ್ಬಾರ್ದಿತ್ತಾ, ಚೆನ್ನಾಗಿ ಬೈತಿದ್ದೆ."

ನೆಲ್ಬಿಯಾ ಸೋಪು ಪೂರ್ತಿ ಹೋಗುವವರೆಗೆ ನೀರು ಹೊಯ್ದಳು, ಒಣಬಟ್ಟೆಯಲ್ಲಿ ಒತ್ತಿ ಒತ್ತಿ ಒರೆಸಿದಳು, ಉಳಿದಿದ್ದ ಕೂದಲನ್ನು ಒಂದು ಸಿಕ್ಕೂ ಇಲ್ಲದ ಹಾಗೆ ಬಾಚಿದಳು. ಎಲೀದಾ ಅಷ್ಟರಲ್ಲಿ ನಿದ್ದೆ ಹೋಗಿದ್ದಳು.

ಅದಾದ ಐದನೆಯ ದಿನ ಬೆಳಿಗ್ಗೆ ಎಲೀದಾ ತೀರಿಕೊಂಡಳು. ಆ ಐದು ದಿನದಲ್ಲಿ ನೆಲ್ಬಿಯಾಳನ್ನು ಮತ್ತೆ ಕರೆಸಲಿಲ್ಲ, ಬರಬೇಡ ಎಂದೂ ಹೇಳಲಿಲ್ಲ. ತಂಗಿ ಅದನ್ನು ಹೊಟ್ಟೆಗೆ ಹಾಕಿಕೊಂಡು ಹೋದಳೋ, ಬೈಯಲು ಉಸಿರಿಲ್ಲದೆ ಹೋದಳೋ ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಯಾರಾದರೂ ಸಮಾಧಾನಕ್ಕೆಂದು, ಕ್ಷಮಿಸಿರುತ್ತಾಳೆ ಬಿಡಿ ಎಂದರೆ ನೆಲ್ಬಿಯಾ ಒಪ್ಪುವುದಿಲ್ಲ. ನೀವು ಅವಳಲ್ಲ, ನಿಮಗೆ ಹೇಗೆ ಗೊತ್ತು ಎಂದು ಕೇಳಿ ಎದ್ದು ಹೋಗುತ್ತಾಳೆ.